ಒಂದು ದಿನದ ಶಿಬಿರ ಔಷಧದಾನವಾದೀತೇ?

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರನ್ನು ಕೇಳದ ಶ್ರಾವಕ ಕುಟುಂಬ ಕನ್ನಡ ನಾಡಿನಲ್ಲಿ ಇರಲಾರದು. ಆಹಾರದಾನಕ್ಕೆ ಛತ್ರಗಳಿವೆ, ಶಾಸ್ತ್ರದಾನಕ್ಕೆ ಗ್ರಂಥಮಾಲೆಗಳಿವೆ, ಅಭಯದಾನಕ್ಕೆ ಪಾಂಜರಾಪೋಳಗಳಿವೆ. ಇವೆಲ್ಲ ವರ್ಷದ ಮುನ್ನೂರ ಅರವತ್ತೈದು ದಿನವೂ ನಡೆಯತಕ್ಕವು. ಔಷಧದಾನದ ಪಾಲಿಗೆ ಮಾತ್ರ ಬಹಳ ಕಡೆ ಉಳಿದಿರುವುದು ಒಂದು ದಿನದ ಶಾಮಿಯಾನ. ಮಹಾವೀರ ಜಯಂತಿಗೋ ವಾರ್ಷಿಕ ರಥೋತ್ಸವಕ್ಕೋ ‘ಉಚಿತ ಆರೋಗ್ಯ ತಪಾಸಣಾ ಶಿಬಿರ’ ಏರ್ಪಡುತ್ತದೆ. ದೀಪ ಬೆಳಗುತ್ತದೆ, ಅತಿಥಿಗಳಿಗೆ ಶಾಲು ಹೊದಿಸಲಾಗುತ್ತದೆ. ಮಧ್ಯಾಹ್ನದೊಳಗೆ ಕೆಲವು ನೂರು ಜನರ ಬೆರಳಿಗೆ ಸೂಜಿ ಚುಚ್ಚಿ ಒಂದು ಚೀಟಿಯ ಮೇಲೆ ಒಂದು ಸಂಖ್ಯೆಯನ್ನು ಬರೆದುಕೊಡಲಾಗುತ್ತದೆ. ಸಂಜೆಗೆ ಶಾಮಿಯಾನ ಇಳಿಯುತ್ತದೆ. ಆ ಚೀಟಿ ಹಿಡಿದು ಮನೆಗೆ ಹೋದವನು ಮರುದಿನ ಏನು ಮಾಡಿದನೆಂದು ಕೇಳುವವರು ಯಾರೂ ಇರುವುದಿಲ್ಲ. ವರದಿಯಲ್ಲಿ ಮಾತ್ರ ‘ಇಷ್ಟು ಮಂದಿ ಫಲಾನುಭವಿಗಳು’ ಎಂದು ಅಚ್ಚಾಗುತ್ತದೆ. ಅವರು ಅನುಭವಿಸಿದ ಫಲ ಯಾವುದು ಎಂಬ ಪ್ರಶ್ನೆಯನ್ನು ಇನ್ನಾದರೂ ಎತ್ತಬೇಕಾಗಿದೆ.

ಶಿಬಿರವೆಂಬ ಪದ್ಧತಿಯೇ ನಿಷ್ಪ್ರಯೋಜಕವೆಂದು ಯಾರೂ ಹೇಳಲಾರರು. ಕರ್ನಾಟಕದಲ್ಲಿ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ನಡೆಸಿದ ಸಾಮೂಹಿಕ ನೇತ್ರ ಶಿಬಿರಗಳಿಂದ ದೃಷ್ಟಿ ಪಡೆದವರು ಅಸಂಖ್ಯ ಮಂದಿ. ೧೯೬೮ರಲ್ಲಿ ಅವರಿಗೆ ಪದ್ಮಭೂಷಣ ಸಂದದ್ದು ಆ ಸೇವೆಗೇ. ಆದರೆ ಆ ಶಿಬಿರಗಳು ಸಫಲವಾದ ಕಾರಣವನ್ನು ಮರೆಯಬಾರದು. ಕಣ್ಣಿನ ಪೊರೆ ಒಂದು ಅಂಗಕ್ಕೆ ಸೀಮಿತವಾದ ತೊಂದರೆ. ಒಂದು ಶಸ್ತ್ರಕ್ರಿಯೆಯಿಂದ ಅದು ನಿವಾರಣೆಯಾಗುತ್ತದೆ. ವೈದ್ಯನು ಊರಿಗೆ ಬಂದು ಹೋದರೂ ಅವನು ಕೊಟ್ಟ ದೃಷ್ಟಿ ಊರಿನಲ್ಲಿಯೇ ಉಳಿಯುತ್ತದೆ. ಪೊರೆಗೆ ಹೊಂದಿದ ಆ ಅಚ್ಚನ್ನೇ ಎಲ್ಲ ರೋಗಗಳಿಗೂ ಹಾಕತೊಡಗಿದ್ದು ಮುಂದಿನವರ ತಪ್ಪು. ಕೆಲವು ರೋಗಗಳು ಒಂದು ದಿನದಲ್ಲಿ ಬರುವುದೂ ಇಲ್ಲ, ಒಂದು ದಿನದಲ್ಲಿ ಹೋಗುವುದೂ ಇಲ್ಲ, ಒಂದೇ ಅಂಗದಲ್ಲಿ ನಿಲ್ಲುವುದೂ ಇಲ್ಲ. ಮಧುಮೇಹ ಅವುಗಳಲ್ಲಿ ಅಗ್ರಗಣ್ಯವಾದುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು ೧೦.೧ ಕೋಟಿ ಜನರಿಗೆ ಮಧುಮೇಹವಿದೆ, ಮತ್ತೆ ೧೩.೬ ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅಧಿಕ ರಕ್ತದೊತ್ತಡವುಳ್ಳವರು ೩೧.೫ ಕೋಟಿ. ಸಸ್ಯಾಹಾರಿಗಳಾದ ಮಾತ್ರಕ್ಕೆ ಈ ರೋಗ ಹತ್ತಿರ ಬರದೆಂಬ ಭಾವನೆ ಕೆಲವರಲ್ಲಿದೆ. ಅನ್ನ, ಸಕ್ಕರೆ, ಕರಿದ ತಿಂಡಿ ಮತ್ತು ಅಂಗಡಿಯ ಗದ್ದುಗೆ ಬಿಟ್ಟು ಏಳದ ಜೀವನಕ್ರಮ ಇವು ಅಹಿಂಸಾತ್ಮಕವಾಗಿದ್ದರೂ ಆರೋಗ್ಯಕರವಾಗಿರಲೇಬೇಕೆಂಬ ನಿಯಮವಿಲ್ಲ.

ಈ ರೋಗದ ಕಪಟವೆಂದರೆ ಅದು ಮೊದಮೊದಲು ನೋವನ್ನು ಕೊಡದು. ರಕ್ತದಲ್ಲಿ ಏರಿದ ಸಕ್ಕರೆ ಸೂಕ್ಷ್ಮ ರಕ್ತನಾಳಗಳನ್ನೂ ನರಗಳನ್ನೂ ವರ್ಷಾನುಗಟ್ಟಲೆ ಸದ್ದಿಲ್ಲದೆ ಸವೆಸುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ರಕ್ತಸ್ರಾವವಾಗುವ ತನಕ ದೃಷ್ಟಿ ಸ್ವಚ್ಛವಾಗಿಯೇ ಇರಬಹುದು. ಮೂತ್ರಪಿಂಡದ ಹಾನಿ ಮೊದಲು ತೋರುವುದು ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನಿನಲ್ಲಿ. ರಕ್ತದ ಕ್ರಿಯಾಟಿನಿನ್ ಏರುವ ಹೊತ್ತಿಗೆ ಹಾನಿ ಬಹುದೂರ ಸಾಗಿರುತ್ತದೆ. ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಾಗ ಮುಳ್ಳು ಚುಚ್ಚಿದ್ದೂ ತಿಳಿಯದು. ತಿಳಿಯದ ಗಾಯ ಕೊಳೆತು ಕಾಲು ಕತ್ತರಿಸುವವರೆಗೂ ಹೋಗುತ್ತದೆ. ಹೃದಯಾಘಾತವೂ ಎದೆನೋವಿಲ್ಲದೆ ಬರಬಹುದು. ಒಸಡು ಸಡಿಲವಾಗುತ್ತದೆ, ಭುಜ ಬಿಗಿಯುತ್ತದೆ, ಕ್ಷಯರೋಗದ ಸಂಭವ ಎರಡು ಮೂರು ಪಟ್ಟು ಹೆಚ್ಚುತ್ತದೆ, ಮನಸ್ಸು ಖಿನ್ನತೆಗೆ ಜಾರುತ್ತದೆ.

ಹೀಗೆ ಒಂದೇ ರೋಗ ಏಳೆಂಟು ವೈದ್ಯರ ಬಾಗಿಲುಗಳನ್ನು ತಟ್ಟಿಸುತ್ತದೆ. ಕಣ್ಣಿಗೊಬ್ಬರು, ಮೂತ್ರಪಿಂಡಕ್ಕೊಬ್ಬರು, ಹೃದಯಕ್ಕೊಬ್ಬರು, ನರಕ್ಕೊಬ್ಬರು, ಮೂಳೆಗೊಬ್ಬರು, ಹಲ್ಲಿಗೊಬ್ಬರು. ಪ್ರತಿಯೊಬ್ಬರೂ ತಮ್ಮ ಶಾಸ್ತ್ರದಲ್ಲಿ ನಿಪುಣರೇ ಆಗಿದ್ದರೂ ಇಡೀ ರೋಗಿಯನ್ನು ನೋಡುವವರು ಯಾರು? ಮೊಣಕಾಲು ನೋವಿಗೆಂದು ತಿಂಗಳುಗಟ್ಟಲೆ ನುಂಗಿದ ನೋವುನಿವಾರಕ ಗುಳಿಗೆ ಮೊದಲೇ ಬಳಲಿದ ಮೂತ್ರಪಿಂಡವನ್ನು ಮತ್ತಷ್ಟು ಕೆಡಿಸುತ್ತದೆ. ಭುಜದ ಕೀಲಿಗೆ ಚುಚ್ಚಿದ ಸ್ಟೀರಾಯ್ಡ್ ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಒಬ್ಬರು ಬರೆದ ಗುಳಿಗೆಯನ್ನೇ ಇನ್ನೊಬ್ಬರು ಬೇರೆ ಕಂಪೆನಿಯ ಹೆಸರಿನಲ್ಲಿ ಬರೆದಿರುತ್ತಾರೆ. ರೋಗಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಾನೆ. ವಸ್ತುವಿನ ಒಂದು ಧರ್ಮವನ್ನಷ್ಟೇ ಹಿಡಿದು ಅದೇ ಪೂರ್ಣ ಸತ್ಯವೆನ್ನುವುದು ದುರ್ನಯವೆಂದು ಜೈನ ತರ್ಕ ಸಾರುತ್ತದೆ. ಆಸ್ಪತ್ರೆಯ ಓಣಿಗಳಲ್ಲಿ ಆ ದುರ್ನಯಕ್ಕೆ ರೋಗಿಯು ದೇಹದ ಬೆಲೆ ತೆರುತ್ತಾನೆ.

ಇದಕ್ಕೆ ಜೈನ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ನಿದರ್ಶನವಿದೆ. ಬಿ೧೨ ಎಂಬ ಜೀವಸತ್ವ ಸಾಮಾನ್ಯ ಸಸ್ಯಾಹಾರದಲ್ಲಿ ಹಾಲು ಮೊಸರಿನ ಹೊರತು ಬೇರೆಲ್ಲೂ ಸಾಕಷ್ಟು ದೊರೆಯದು. ಮಧುಮೇಹಕ್ಕೆ ಮೊದಲು ಕೊಡುವ ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಅಗ್ಗವಾದ ಔಷಧ; ಆದರೆ ದೀರ್ಘಕಾಲ ಸೇವಿಸಿದವರಲ್ಲಿ ಬಿ೧೨ರ ಹೀರಿಕೆಯನ್ನು ಅದು ಕುಗ್ಗಿಸುತ್ತದೆ. ಬಿ೧೨ರ ಕೊರತೆಯಿಂದ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ನಡಿಗೆ ತೂರಾಡುತ್ತದೆ. ಮಧುಮೇಹದ ನರಬಾಧೆಯ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಒಂದು ರಕ್ತಪರೀಕ್ಷೆಯಿಂದ ಬಯಲಾಗಿ ಅಗ್ಗದ ಗುಳಿಗೆಯಿಂದಲೋ ಚುಚ್ಚುಮದ್ದಿನಿಂದಲೋ ಸರಿಹೋಗಬಹುದಾದ ತೊಂದರೆಯನ್ನು ‘ಸಕ್ಕರೆ ಕಾಯಿಲೆಯಲ್ಲಿ ಇದು ಸಹಜ’ ಎಂದು ಕೈಬಿಟ್ಟರೆ ನರಗಳು ಮರಳಿ ಬಾರದಂತೆ ಕೆಡುತ್ತವೆ. ಔಷಧದ ಬಿ೧೨ ತಯಾರಾಗುವುದು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ, ಮಾಂಸದಿಂದಲ್ಲ. ರೋಗಿಯ ಊಟ, ವ್ರತ, ಹಳೆಯ ಔಷಧ ಇವೆಲ್ಲವನ್ನೂ ಒಟ್ಟಿಗೆ ಬಲ್ಲ ಒಬ್ಬ ವೈದ್ಯನಿದ್ದರೆ ಮಾತ್ರ ಇಂಥ ಪ್ರಶ್ನೆ ಹೊಳೆಯುತ್ತದೆ.

ಈ ಹಾನಿಗಳೆಲ್ಲ ಅನಿವಾರ್ಯವಾಗಿದ್ದರೆ ಯಾರನ್ನೂ ದೂರುವ ಅಗತ್ಯವಿರಲಿಲ್ಲ. ಅನಿವಾರ್ಯವಲ್ಲವೆಂಬುದು ಸಿದ್ಧವಾಗಿ ದಶಕಗಳೇ ಸಂದವು. ಅಮೆರಿಕ ಮತ್ತು ಕೆನಡಾಗಳಲ್ಲಿ ೧,೪೪೧ ಮಂದಿಯ ಮೇಲೆ ನಡೆದು ೧೯೯೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇನ್ಸುಲಿನ್ ಅವಲಂಬಿತ ರೋಗಿಗಳ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ಕಣ್ಣಿನ ಬೇನೆ ಹೊಸದಾಗಿ ತಲೆದೋರುವ ಸಂಭವ ಶೇಕಡಾ ೭೬ರಷ್ಟು ಕಡಿಮೆಯಾಯಿತು. ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಮಿಕ್ಕಿದ, ಹೊಸದಾಗಿ ರೋಗ ಪತ್ತೆಯಾದ ವಯಸ್ಕರ ಮೇಲೆ ನಡೆದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆಯ ಹತೋಟಿಯಿಂದ ಸೂಕ್ಷ್ಮ ರಕ್ತನಾಳಗಳ ತೊಂದರೆಗಳು ಶೇಕಡಾ ೨೫ರಷ್ಟು ತಗ್ಗಿದವು. ಅದೇ ಅಧ್ಯಯನದಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಪಾರ್ಶ್ವವಾಯು ಶೇಕಡಾ ೪೪ರಷ್ಟು ಇಳಿಯಿತು. ಈ ಅಂಕಿಗಳ ಹಿಂದೆ ಯಾವ ಪವಾಡವೂ ಇಲ್ಲ. ವರ್ಷಗಳ ಕಾಲ ಅದೇ ರೋಗಿಯನ್ನು ಮತ್ತೆ ಮತ್ತೆ ಕರೆದು, ನೋಡಿ, ಔಷಧವನ್ನು ತಿದ್ದಿ, ಪುನಃ ಕರೆದ ಸಾಧಾರಣ ಶ್ರಮವಷ್ಟೇ ಇದೆ. ಒಂದು ದಿನದ ಶಿಬಿರದಲ್ಲಿ ಇಲ್ಲದಿರುವುದೂ ಅದೇ.

ಅಷ್ಟೇ ಅಲ್ಲ, ಬೆಂಬಲವಿಲ್ಲದ ತಪಾಸಣೆ ಹಲವು ವೇಳೆ ಕೇಡನ್ನೂ ಮಾಡುತ್ತದೆ. ಉಪಾಹಾರ ಸೇವಿಸಿ ಬಂದವನ ಬೆರಳಿನ ರಕ್ತದಿಂದ ರೋಗವನ್ನು ನಿರ್ಣಯಿಸಲು ಸಾಮಾನ್ಯವಾಗಿ ಬಾರದು. ಬರಿಹೊಟ್ಟೆಯಲ್ಲಿ ೧೨೬ ಮಿಲಿಗ್ರಾಂ ಅಥವಾ ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ೧ಸಿ ಶೇಕಡಾ ೬.೫, ಅದೂ ಮತ್ತೊಮ್ಮೆ ಪರೀಕ್ಷಿಸಿ ದೃಢಪಟ್ಟಾಗ ಮಧುಮೇಹವೆನ್ನುವುದು ವಾಡಿಕೆ. ಶಿಬಿರದಲ್ಲಿ ‘ಸ್ವಲ್ಪ ಹೆಚ್ಚಿದೆ’ ಎನಿಸಿಕೊಂಡವನು ಭಯಪಟ್ಟು ಹಾಗಲಕಾಯಿ ರಸಕ್ಕೆ ಶರಣಾಗುತ್ತಾನೆ. ‘ಸರಿಯಿದೆ’ ಎನಿಸಿಕೊಂಡವನು ಇದ್ದ ಗುಳಿಗೆಯನ್ನೂ ಬಿಡುತ್ತಾನೆ. ಉಚಿತವಾಗಿ ಹಂಚಿದ ಹದಿನೈದು ದಿನದ ಗುಳಿಗೆ ಹದಿನಾರನೆಯ ದಿನ ಮುಗಿದಿರುತ್ತದೆ. ಹದಿನಾರನೆಯ ದಿನದ ಜವಾಬ್ದಾರಿಯನ್ನು ಹೊರದ ದಾನಕ್ಕೆ ದಾನವೆಂಬ ಹೆಸರು ಹೇಗೆ ಒಪ್ಪೀತು?

ಇಲ್ಲಿ ಶಾಸ್ತ್ರದ ಮಾತನ್ನೇ ಗಮನಿಸುವುದು ಲೇಸು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ನಿರೂಪಿಸಿರುವುದು ವೈಯಾವೃತ್ತ್ಯವೆಂಬ ಶಿಕ್ಷಾವ್ರತದ ಪ್ರಕರಣದಲ್ಲಿ. ವೈಯಾವೃತ್ತ್ಯವೆಂದರೆ ಶುಶ್ರೂಷೆ, ಬಳಿಯಲ್ಲಿದ್ದು, ಬಾಧೆಯನ್ನು ಅರಿತು, ನೀಗುವವರೆಗೆ ನಡೆಸುವ ಸೇವೆ. ಔಷಧದಾನ ಆ ಸೇವೆಯ ಒಂದು ಅಂಗ. ಸೇವೆಯನ್ನು ಬಿಟ್ಟು ವಸ್ತುವನ್ನು ಮಾತ್ರ ಹಂಚಿದರೆ ಅದು ವಿತರಣೆಯಾದೀತೇ ಹೊರತು ವೈಯಾವೃತ್ತ್ಯವಾಗದು.

ರೋಗವು ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಿಯೇ ತೀರಬೇಕು ಎಂದು ಔಷಧದಿಂದ ಮುಖ ತಿರುಗಿಸುವವರು ಇಂದಿಗೂ ಇದ್ದಾರೆ. ಇದೇ ವಾದ ಸತ್ಯವಾದರೆ ಆಚಾರ್ಯರು ಔಷಧವನ್ನು ದಾನಗಳಲ್ಲಿ ಎಣಿಸಿದ್ದೇ ಅಸಂಗತವಾಗುತ್ತದೆ. ಸಮಂತಭದ್ರರ ಚರಿತ್ರೆಯಾಗಿ ಪರಂಪರೆಯಲ್ಲಿ ಉಳಿದು ಬಂದ ಕಥೆಯೂ ಇದನ್ನೇ ಸಾರುತ್ತದೆ. ಭಸ್ಮಕ ವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿ, ಮೊದಲು ರೋಗವನ್ನು ನೀಗಿಕೊಂಡು ಬಾ ಎಂದು ಕಳುಹಿಸಿದರು. ಅವರೇ ರಚಿಸಿದ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣವಾಗಬಲ್ಲ ರೋಗವೆಂದು ಹೇಳಿರುವುದು ಪ್ರತೀಕಾರವಿಲ್ಲದ ರೋಗವನ್ನು ಮಾತ್ರ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಧರ್ಮವೆಂಬುದು ಅದರಿಂದಲೇ ಹೊರಡುವ ಅರ್ಥ. ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಮುನಿಗಳಾಗಿದ್ದೂ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಬರೆದರು. ೧೨ನೆಯ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ೧೪ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿ ರಚಿಸಿದರು. ಕರ್ಮದ ಹೆಸರಿನಲ್ಲಿ ಕೈಕಟ್ಟಿ ಕುಳಿತಿದ್ದರೆ ಈ ಗ್ರಂಥಗಳು ಹುಟ್ಟುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಗೌರವಕ್ಕೆ ಅರ್ಹವಾದುದು, ಆದರೆ ಹಳೆಯದು. ಇನ್ಸುಲಿನ್ ಪ್ರಾಣಿಜನ್ಯವೆಂದು ಅದನ್ನು ನಿರಾಕರಿಸುವವರಿದ್ದಾರೆ. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದ್ದು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದಲೇ. ಮುಂದೆ ಆರು ದಶಕ ಅದು ದನ ಮತ್ತು ಹಂದಿಗಳಿಂದಲೇ ಬಂದಿತೆಂಬುದು ನಿಜ. ಆದರೆ ೧೯೭೮ರಲ್ಲಿ ಮಾನವ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸುವ ವಿಧಾನ ಸಿದ್ಧಿಸಿ, ೧೯೮೨ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಬ್ಯಾಕ್ಟೀರಿಯಾ ಅಥವಾ ಯೀಸ್ಟಿನಿಂದ ಪಡೆದ ಇನ್ಸುಲಿನ್. ಜೆಲಟಿನ್ ಕವಚದ ಮಾತ್ರೆ ಬೇಡವೆನ್ನುವವರು ವೈದ್ಯರೊಡನೆ ಬಾಯಿಬಿಟ್ಟು ಕೇಳಿದರೆ ಎಷ್ಟೋ ಔಷಧಗಳಿಗೆ ಗುಳಿಗೆಯ ರೂಪ ದೊರೆಯುತ್ತದೆ. ಕೇಳದೆ, ಹೇಳದೆ, ಗುಟ್ಟಾಗಿ ಔಷಧವನ್ನು ಬಿಟ್ಟು ಕಣ್ಣು ಕಳೆದುಕೊಳ್ಳುವುದು ಸ್ವಹಿಂಸೆಯೇ ಆದೀತು.

ವ್ರತ ಉಪವಾಸಗಳ ವಿಷಯದಲ್ಲಿ ಮೌನ ಇನ್ನಷ್ಟು ಅಪಾಯಕರ. ದಶಲಕ್ಷಣ ಪರ್ವದಲ್ಲಿ ನಿರಾಹಾರವಿದ್ದೂ ಗ್ಲಿಮೆಪಿರೈಡ್‌ನಂಥ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಇನ್ಸುಲಿನ್ ಅವಲಂಬಿತನು ಅದನ್ನು ಪೂರ್ತಿ ಬಿಟ್ಟರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಸಂಚಕಾರ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ವರ್ಗದ ಔಷಧ ಸೇವಿಸುವವರು ದೀರ್ಘ ಉಪವಾಸ ಮಾಡಿದಾಗಲೂ ಈ ಆಮ್ಲೀಯತೆಯ ಭಯವುಂಟು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವನು ‘ರಾತ್ರಿ ಊಟಕ್ಕೆ’ ಎಂದು ಚೀಟಿಯಲ್ಲಿ ಬರೆದ ಗುಳಿಗೆಯನ್ನು ಎಂಟು ಗಂಟೆಗೆ ಬರಿದೆ ನುಂಗುವುದೂ ಅಪಾಯವೇ. ವ್ರತ ಬಿಡಬೇಕೆಂದು ಇದರ ಅರ್ಥವಲ್ಲ. ಯಥಾಶಕ್ತಿ ತಪವೆಂಬ ಶಾಸ್ತ್ರವಚನವಿದ್ದೇ ಇದೆ. ಪರ್ವಕ್ಕೆ ಮೊದಲು ವೈದ್ಯರನ್ನು ಕಂಡು ಔಷಧದ ಪ್ರಮಾಣ ಮತ್ತು ವೇಳೆಯನ್ನು ಬದಲಿಸಿಕೊಳ್ಳಬೇಕೆಂಬುದಷ್ಟೇ ಅರ್ಥ. ರಂಜಾನ್ ಉಪವಾಸ ಕೈಗೊಳ್ಳುವ ಮಧುಮೇಹಿಗಳಿಗಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ೨೦೧೬ ಮತ್ತು ೨೦೨೧ರಲ್ಲಿ ಮಾರ್ಗಸೂಚಿಗಳನ್ನೇ ಹೊರತಂದಿದೆ. ಪರ್ವದ ಆಮಂತ್ರಣ ಪತ್ರಿಕೆಯನ್ನು ಬಣ್ಣದಲ್ಲಿ ಅಚ್ಚು ಹಾಕಿಸುವ ಟ್ರಸ್ಟುಗಳು ಅದರ ಹಿಂಬದಿಯಲ್ಲಿ ಇಂಥ ಆರು ಸಾಲುಗಳನ್ನು ಅಚ್ಚು ಹಾಕಿಸಲು ಯಾವ ಅಡ್ಡಿಯಿದೆ?

ಟ್ರಸ್ಟು ಆಸ್ಪತ್ರೆಯಲ್ಲ, ಇದು ಸರಕಾರದ ಕೆಲಸ ಎಂಬ ಉತ್ತರ ಸಿದ್ಧವಾಗಿರುತ್ತದೆ. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಭರವಸೆ ಕೊಟ್ಟಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಕಾಲು ಕತ್ತರಿಸುವಾಗ ನೆರವು ಸಿಗುತ್ತದೆ. ಕಾಲು ಉಳಿಸುವ ಹತ್ತು ವರ್ಷಗಳ ಗುಳಿಗೆಗೆ, ತಪಾಸಣೆಗೆ ಅದೇ ಯೋಜನೆ ಒದಗದು. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ರೋಗಗಳಿಗೆ ಔಷಧ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ೨೦೧೦ರಿಂದಲೂ ಇದೆ. ಆದರೆ ವೃದ್ಧರನ್ನು ಅಲ್ಲಿಗೆ ತಲುಪಿಸುವವರು, ತಪ್ಪಿದ ತಾರೀಖನ್ನು ನೆನಪಿಸುವವರು ಬೇಕು. ಆ ತೆರವನ್ನು ತುಂಬಲು ಕಟ್ಟಡವೂ ಬೇಡ, ಯಂತ್ರವೂ ಬೇಡ. ದೊಡ್ಡ ಸಂಕಲ್ಪಕ್ಕೂ ಉದಾಹರಣೆಯಿಲ್ಲದಿಲ್ಲ: ೨೦೧೮ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳದಲ್ಲಿ ಬಾಹುಬಲಿ ಹೆಸರಿನ ಆಸ್ಪತ್ರೆ ಉದ್ಘಾಟನೆಗೊಂಡಿತು. ದಾನಿಗಳು ಅಭಿಷೇಕಕ್ಕೆ, ಕಲಶಕ್ಕೆ ಕೊಡುವರೇ ಹೊರತು ಗುಳಿಗೆಗೆ ಕೊಡರೆಂಬ ಮಾತೂ ಒಪ್ಪತಕ್ಕದ್ದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಜಿನಬಿಂಬಗಳನ್ನು ಮಾಡಿಸಿದಳು. ಜೊತೆಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಯಿಸಿದಳು. ಕಾವ್ಯ ಅಳಿಯದಿರಬೇಕಾದರೆ ಎಷ್ಟು ಪ್ರತಿ ಬೇಕೆಂದು ಎಣಿಸಿದ ವಿವೇಕ ಅದು. ರೋಗಿ ಅಳಿಯದಿರಬೇಕಾದರೆ ಎಷ್ಟು ತಿಂಗಳ ಔಷಧ ಬೇಕೆಂದು ಎಣಿಸುವುದೂ ಅದೇ ವಿವೇಕದ ಕೆಲಸ.

ಹಾಗಾದರೆ ಮಾಡತಕ್ಕದ್ದೇನು? ಬಸದಿಯ ಆಶ್ರಯದಲ್ಲಿ ಒಂದು ದಾಖಲೆ ಪುಸ್ತಕವಿರಲಿ. ಜಾತಿ ಮತಗಳ ಭೇದವಿಲ್ಲದೆ ಊರಿನ ಮಧುಮೇಹಿಗಳ, ರಕ್ತದೊತ್ತಡವುಳ್ಳವರ ಹೆಸರು ಅವರ ಒಪ್ಪಿಗೆಯಿಂದ ಅದರಲ್ಲಿ ಸೇರಲಿ. ಅದು ನೋಡಬೇಕಾದವರ ಹೊರತು ಅನ್ಯರ ಕೈ ಸೇರದಿರಲಿ. ಹತ್ತಿರದ ಸಾಮಾನ್ಯ ವೈದ್ಯರೊಬ್ಬರನ್ನು ಗೊತ್ತುಪಡಿಸಿ, ತಿಂಗಳಿಗೊಂದು ದಿನ ರಕ್ತದೊತ್ತಡ, ಸಕ್ಕರೆ, ತೂಕ ನೋಡಲು ಒಬ್ಬ ತರಬೇತಿ ಪಡೆದ ದಾದಿಯನ್ನು ನೇಮಿಸಲಿ. ಎಚ್‌ಬಿಎ೧ಸಿ ಪರೀಕ್ಷೆ ಮೂರರಿಂದ ಆರು ತಿಂಗಳಿಗೊಮ್ಮೆ ನಡೆಯಲಿ. ಪಾಪೆ ಹಿಗ್ಗಿಸಿ ಕಣ್ಣಿನ ಪರೀಕ್ಷೆ, ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್, ಪಾದದ ಸ್ಪರ್ಶಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದಿರಲಿ. ಮೆಟ್‌ಫಾರ್ಮಿನ್ ಸೇವಿಸುವವರ ಬಿ೧೨ನ್ನು ಆಗಾಗ ನೋಡಲಿ. ತಜ್ಞರ ಬಳಿಗೆ ಹೋಗುವಾಗ ಎಲ್ಲ ಔಷಧಗಳ ಹೆಸರಿರುವ ಒಂದೇ ಚೀಟಿ ರೋಗಿಯ ಕೈಯಲ್ಲಿರಲಿ. ಮರಳಿ ಬಂದಾಗ ಆ ಸಾಮಾನ್ಯ ವೈದ್ಯರೇ ಎಲ್ಲವನ್ನೂ ಹೊಂದಿಸಲಿ. ಔಷಧವನ್ನು ಜನೌಷಧಿ ಅಂಗಡಿಯಲ್ಲಿ ಕೊಂಡರೆ ಅದೇ ಹಣದಲ್ಲಿ ಹೆಚ್ಚು ಜನರಿಗೆ ನೆರವಾದೀತು.

ಯಾತ್ರಾಸ್ಥಳಗಳಿಗೆ ಮತ್ತೊಂದು ಹೊಣೆಯಿದೆ. ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಭಕ್ತರು ಬರಿಗಾಲಿನಲ್ಲಿ ಏರುತ್ತಾರೆ. ಮಧ್ಯಾಹ್ನದ ಬಂಡೆ ಕಾದಿರುತ್ತದೆ. ಆರೋಗ್ಯವಂತನು ಕಾಲು ಸುಟ್ಟೊಡನೆ ನೆರಳಿಗೆ ಓಡುತ್ತಾನೆ; ಸ್ಪರ್ಶಜ್ಞಾನವಿಲ್ಲದ ಮಧುಮೇಹಿ ಸುಡುತ್ತಿರುವುದನ್ನೇ ಅರಿಯದೆ ನಡೆಯುತ್ತಾನೆ. ಬೆಟ್ಟವಿರುವ ಪ್ರತಿ ಕ್ಷೇತ್ರದ ತಪ್ಪಲಲ್ಲಿ ಇಂಥವರಿಗೆ ದಪ್ಪ ಕಾಲುಚೀಲ ಕೊಡುವುದು, ಬೆಳಗಿನ ತಂಪಿನಲ್ಲಿ ಏರಲು ಸೂಚಿಸುವುದು, ಇಳಿದ ಮೇಲೆ ಪಾದವನ್ನು ಒಮ್ಮೆ ಪರೀಕ್ಷಿಸುವುದು, ಇಷ್ಟನ್ನಾದರೂ ಮಾಡಬಹುದು. ಯತ್ನಾಚಾರವೆಂದರೆ ಕಾಲಡಿಯ ಇರುವೆಯನ್ನು ಕಾಯುವುದು. ಆ ಕಾಲನ್ನು ಕಾಯುವುದೂ ಅದರೊಳಗೇ ಬರುತ್ತದೆ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆರೋಗ್ಯ ಶಿಬಿರದ ವರದಿ ಓದಿದಾಗ ಶ್ರಾವಕ ಶ್ರಾವಿಕೆಯರು ಎದ್ದು ಮೂರು ಪ್ರಶ್ನೆ ಕೇಳಲಿ. ಕಳೆದ ವರ್ಷದ ಶಿಬಿರದಲ್ಲಿ ರೋಗವಿದೆಯೆಂದು ತಿಳಿದವರಲ್ಲಿ ಎಷ್ಟು ಜನ ಇಂದಿಗೂ ಔಷಧ ಸೇವಿಸುತ್ತಿದ್ದಾರೆ? ಅವರಲ್ಲಿ ಎಷ್ಟು ಜನರ ಕಣ್ಣು, ಮೂತ್ರಪಿಂಡ, ಪಾದಗಳ ಪರೀಕ್ಷೆಯಾಗಿದೆ? ಅವರ ಹೆಸರುಗಳಾದರೂ ಟ್ರಸ್ಟಿನ ಬಳಿ ಇವೆಯೇ? ಈ ಮೂರಕ್ಕೂ ಉತ್ತರವಿಲ್ಲವಾದರೆ, ಆ ಬಾಬ್ತಿನ ಖರ್ಚನ್ನು ಔಷಧದಾನದ ಲೆಕ್ಕದಿಂದ ತೆಗೆದು ಉತ್ಸವದ ಲೆಕ್ಕಕ್ಕೆ ಸೇರಿಸುವುದೇ ಸತ್ಯವ್ರತಕ್ಕೆ ಸರಿಯಾದ ನಡೆ.